ಟ್ಯಾಬ್ ಚಾರ್ಜ್ ಆಗುತ್ತಿಲ್ಲ, ಬ್ಯಾಟರಿಯಲ್ಲಿ ನಿಲ್ಲುತ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯಾಬ್ ಚಾರ್ಜ್ ಆಗಲಿಲ್ಲವೆಂದರೆ ಎಲ್ಲರ ಅನುಮಾನ ಮೊದಲು ಬ್ಯಾಟರಿಯ ಮೇಲೆ. ಆದರೆ ಗೋಡೆಯ ಪ್ಲಗ್ಗಿನಿಂದ ಹೊರಟ ಕರೆಂಟು ಬ್ಯಾಟರಿ ಮುಟ್ಟುವ ಮುಂಚೆ ಅಡಾಪ್ಟರ್, ಕೇಬಲ್, ಚಾರ್ಜಿಂಗ್ ಪಿನ್ (ಟ್ಯಾಬಿನಲ್ಲಿ ಕೇಬಲ್ ಸಿಕ್ಕಿಸುವ ಸಾಕೆಟ್), ಒಳಗಿನ ಚಾರ್ಜಿಂಗ್ ಐಸಿ (ಬ್ಯಾಟರಿಗೆ ಎಷ್ಟು ಕರೆಂಟು ಬಿಡಬೇಕೆಂದು ನಿಯಂತ್ರಿಸುವ ಚಿಪ್) ಇವಿಷ್ಟನ್ನೂ ದಾಟಬೇಕು. ಮೊದಲ ಮೂರನ್ನು ಒಂದು ಸ್ಕ್ರೂ ಕೂಡ ಬಿಚ್ಚದೆ ಮನೆಯಲ್ಲೇ ಪರೀಕ್ಷಿಸಬಹುದು. ಕೆಟ್ಟಿರುವುದೂ ಹೆಚ್ಚಾಗಿ ಅವೇ. ಅದಕ್ಕೇ ಇಲ್ಲಿ ಬ್ಯಾಟರಿ ಬದಲಿಸುವ ಮಾತು ಬರುವುದು ಅರ್ಧ ದಾಟಿದ ಮೇಲೆ.

ಏನನ್ನೂ ಮಾಡುವ ಮುಂಚೆ ನೋಡಬೇಕಾದದ್ದು ಏನಾದರೂ ಇದೆಯೇ?

ಇದೆ. ಬ್ಯಾಟರಿ ಊದಿದೆಯೇ ಎಂದು ನೋಡಿ. ಕವರ್ ತೆಗೆದು ಟ್ಯಾಬನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. (ಕ್ಯಾಮೆರಾ ಉಬ್ಬಿರುವ ಮಾಡೆಲ್ ಆದರೆ ಆ ಭಾಗ ಮೇಜಿನ ಅಂಚಿನಿಂದಾಚೆ ಇರಲಿ.) ತೊಟ್ಟಿಲಿನಂತೆ ತೂಗಿದರೆ, ಗಾಜು ಒಂದು ಬದಿಯಲ್ಲಿ ಎದ್ದು ಉಗುರು ತೂರುವಷ್ಟು ಸಂದಿ ಬಿಟ್ಟಿದ್ದರೆ, ಯಾರೂ ಒತ್ತದಿದ್ದರೂ ಸ್ಕ್ರೀನಿನ ನಡುವೆ ಬೆಳ್ಳಗಿನ ಮಚ್ಚೆ ಕಂಡರೆ, ಬ್ಯಾಟರಿಯೊಳಗೆ ಗ್ಯಾಸ್ ತುಂಬಿದೆ. ಅಂಥ ಟ್ಯಾಬನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಎದ್ದ ಗಾಜನ್ನು ಒತ್ತಿ ಕೂರಿಸಲೂ ಹೋಗಬೇಡಿ. ಸ್ವಿಚ್ ಆಫ್ ಮಾಡಿ, ಹಾಸಿಗೆ, ಸೋಫಾ, ಪುಸ್ತಕಗಳಿಂದ ದೂರ, ಬರಿಯ ಟೈಲ್ಸ್ ನೆಲದ ಮೇಲಿಡಿ. ಆಮೇಲೆ ಬ್ಯಾಟರಿ ತೆಗೆಯಲು ಗೊತ್ತಿರುವವರ ಕೈಗೆ ಕೊಡಿ. ನೈಲ್‌ಪಾಲಿಶ್‌ನಂಥ ಸಿಹಿ ವಾಸನೆ ಬರುತ್ತಿದ್ದರೆ ಬ್ಯಾಟರಿಯ ಚೀಲ ಸೋರುತ್ತಿದೆ ಎಂದರ್ಥ. ಆಗ ಮನೆಯೊಳಗೆ ಇಡಲೇಬೇಡಿ.

ಪವರ್ ಬಟನ್ ಒತ್ತಿದರೂ ಸ್ಕ್ರೀನ್ ಕಪ್ಪು. ಚಾರ್ಜರ್ ಹಾಕಿದರೂ ಏನೂ ಕಾಣುವುದಿಲ್ಲ. ಟ್ಯಾಬ್ ಸತ್ತಿದೆಯೇ?

ಇಷ್ಟಕ್ಕೇ ಸತ್ತಿದೆ ಎನ್ನಲಾಗದು. ಸಾಫ್ಟ್‌ವೇರ್ ಸಿಕ್ಕಿಹಾಕಿಕೊಂಡಿದ್ದರೂ ಹೀಗೇ ಕಾಣುತ್ತದೆ. ಅರ್ಧ ಗಂಟೆ ಚಾರ್ಜಿಗಿಟ್ಟು, ಕೇಬಲ್ ತೆಗೆಯದೆ, ಬಲವಂತವಾಗಿ ರೀಸ್ಟಾರ್ಟ್ ಮಾಡಿ. ಸ್ಯಾಮ್‌ಸಂಗ್ ಟ್ಯಾಬಿಗೆ ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್ ಎರಡನ್ನೂ 10–15 ಸೆಕೆಂಡ್ ಒತ್ತಿಹಿಡಿಯಬೇಕು. ಬೇರೆ ಬಹುಪಾಲು ಆಂಡ್ರಾಯ್ಡ್ ಟ್ಯಾಬಿಗೆ ಪವರ್ ಬಟನ್ ಒಂದನ್ನೇ 20 ಸೆಕೆಂಡ್ ಹಿಡಿದರೆ ಸಾಕು. ಸರ್ಫೇಸ್‌ನಂಥ ವಿಂಡೋಸ್ ಟ್ಯಾಬಿಗೂ ಅಷ್ಟೇ. ಹೋಮ್ ಬಟನ್ ಇರುವ ಐಪ್ಯಾಡಿಗೆ ಹೋಮ್ ಮತ್ತು ಮೇಲಿನ ಬಟನ್ ಒಟ್ಟಿಗೆ. ಹೋಮ್ ಬಟನ್ ಇಲ್ಲದ ಐಪ್ಯಾಡಿನಲ್ಲಿ ವಾಲ್ಯೂಮ್ ಹೆಚ್ಚಿಸುವುದನ್ನು ಒಮ್ಮೆ ಒತ್ತಿ ಬಿಟ್ಟು, ಕಡಿಮೆ ಮಾಡುವುದನ್ನು ಒಮ್ಮೆ ಒತ್ತಿ ಬಿಟ್ಟು, ಮೇಲಿನ ಬಟನ್ ಅನ್ನು ಸೇಬಿನ ಲೋಗೋ ಬರುವವರೆಗೆ ಹಿಡಿದಿರಬೇಕು. ಲೋಗೋ ಬರುವ ಮುಂಚೆಯೇ ಕೈ ಬಿಡುವುದು ಎಲ್ಲರೂ ಮಾಡುವ ತಪ್ಪು.

ಹೀಗೆ ಮಾಡಿದರೂ ಕಪ್ಪಾಗಿಯೇ ಇದ್ದರೆ ಸ್ಕ್ರೀನ್ ಮಾತ್ರ ಹೋಗಿರಬಹುದೇ ಎಂದು ನೋಡಿ. ಕತ್ತಲ ಕೋಣೆಯಲ್ಲಿ ಗಾಜಿಗೆ ಓರೆಯಾಗಿ ಟಾರ್ಚ್ ಬಿಡಿ. ಎಲ್‌ಸಿಡಿ ಟ್ಯಾಬಾದರೆ, ಐಕಾನುಗಳು ಮಸುಕಾಗಿ ಕಂಡರೆ ಹೋಗಿರುವುದು ಹಿಂದಿನ ಬೆಳಕು ಮಾತ್ರ. ಕಂಪ್ಯೂಟರಿಗೆ ಸಿಕ್ಕಿಸಿದಾಗ ಅಲ್ಲಿ ಟ್ಯಾಬಿನ ಹೆಸರು ಬಂದರೂ ಟ್ಯಾಬ್ ಜೀವಂತವಾಗಿದೆ ಎಂದೇ ಲೆಕ್ಕ. ಆಗ ಚಾರ್ಜಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ಆನ್‌ಲೈನ್ ಕ್ಲಾಸಿಗೆಂದು 2020ರಲ್ಲಿ ಕೊಂಡ ಟ್ಯಾಬ್ ಬೀರುವಿನಲ್ಲೇ ಉಳಿದಿತ್ತು. ಈಗ ಚಾರ್ಜ್ ಹಿಡಿಯುತ್ತಿಲ್ಲ. ಬದುಕುತ್ತದೆಯೇ?

ಬದುಕಬಹುದು. ಆದರೆ ತಾಳ್ಮೆ ಬೇಕು. ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚು ಇರುತ್ತದೆ. 3.3–3.4 ವೋಲ್ಟಿಗೆ ಇಳಿಯುವ ಹೊತ್ತಿಗೆ ಟ್ಯಾಬ್ ತಾನೇ ಆಫ್ ಆಗುತ್ತದೆ. ಆಫ್ ಆದ ಮೇಲೂ ಒಳಗಿನ ಸರ್ಕ್ಯೂಟ್ ಗುಟುಕು ಗುಟುಕಾಗಿ ಕರೆಂಟು ಕುಡಿಯುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಹೀಗೇ ಹೋಗಿ ಸುಮಾರು 2.5 ವೋಲ್ಟ್ ಮುಟ್ಟಿದಾಗ ಬ್ಯಾಟರಿಯ ತಲೆಯಲ್ಲಿರುವ ರಕ್ಷಣಾ ಪಟ್ಟಿ ಸಂಪರ್ಕವನ್ನೇ ಕಡಿದುಹಾಕುತ್ತದೆ. ಇಂಥ ಸೆಲ್‌ಗೆ ಚಾರ್ಜಿಂಗ್ ಐಸಿ ಒಮ್ಮೆಲೇ ಪೂರ್ತಿ ಕರೆಂಟು ಕೊಡುವುದಿಲ್ಲ. ಸುಮಾರು 3 ವೋಲ್ಟ್ ಬರುವವರೆಗೆ ಮಾಮೂಲಿನ ಹತ್ತನೇ ಒಂದು ಭಾಗದಷ್ಟನ್ನೇ ಹನಿಸುತ್ತದೆ. ಅಲ್ಲಿಯವರೆಗೆ ಸ್ಕ್ರೀನ್ ಮೇಲೆ ಚಿತ್ರವಿಲ್ಲ, ದೀಪವಿಲ್ಲ.

ಮಾಡಬೇಕಾದ್ದು ಇಷ್ಟು: 5 ವೋಲ್ಟ್, 1ರಿಂದ 2 ಆಂಪಿಯರ್‌ನ ಸಾದಾ ಅಡಾಪ್ಟರ್, ಗಟ್ಟಿಯಾದ ಕೇಬಲ್, ಗೋಡೆಯ ಪ್ಲಗ್. ಹಾಕಿ ಮೂರು-ನಾಲ್ಕು ಗಂಟೆ ಪವರ್ ಬಟನ್ ಮುಟ್ಟಬೇಡಿ. ಪ್ರತಿ ಸಲ ಒತ್ತಿ ನೋಡಿದಾಗಲೂ ಹನಿಹನಿಯಾಗಿ ಸೇರಿದ್ದು ಖರ್ಚಾಗುತ್ತದೆ. ಪವರ್ ಬ್ಯಾಂಕಿನಿಂದ ಪ್ರಯತ್ನಿಸಬೇಡಿ: ಎಳೆಯುವ ಕರೆಂಟು ತೀರಾ ಕಡಿಮೆ ಇದ್ದರೆ ‘ಏನೂ ಸಿಕ್ಕಿಸಿಲ್ಲ’ ಎಂದುಕೊಂಡು ಅದು ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಆಫ್ ಆಗುತ್ತದೆ. ಇದನ್ನು ಹಗಲು ಹೊತ್ತು, ನೀವು ಎದುರಿಗಿರುವಾಗಲೇ ಮಾಡಿ. ಬೆನ್ನು ಕೈಗೆ ಸುಡುವಷ್ಟಾದರೆ ತೆಗೆದುಬಿಡಿ.

ಇಡೀ ದಿನ ಕಳೆದರೂ ಅಲುಗಾಟವಿಲ್ಲದಿದ್ದರೆ ಸೆಲ್ ತೀರಾ ಕೆಳಗಿಳಿದಿದೆ. ರಿಪೇರಿ ಅಂಗಡಿಯಲ್ಲಿ ಹೊರಗಿನಿಂದ ಕರೆಂಟು ಕೊಟ್ಟು ‘ಬೂಸ್ಟ್’ ಮಾಡುತ್ತಾರೆ, ಕೆಲವೊಮ್ಮೆ ಎದ್ದೂ ಬಿಡುತ್ತದೆ. ಆದರೆ ತಿಂಗಳುಗಟ್ಟಲೆ 2 ವೋಲ್ಟಿಗಿಂತ ಕೆಳಗಿದ್ದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಿ, ಚಾರ್ಜ್ ಮಾಡುವಾಗ ಬೇರೆಡೆ ಅಂಟಿ, ಒಳಗೇ ಶಾರ್ಟ್ ಆಗುವ ಅಪಾಯವಿದೆ. ಮಕ್ಕಳ ಕೈಗೆ ಹೋಗುವ ಟ್ಯಾಬಾದರೆ ಬೂಸ್ಟ್ ಬೇಡ, ಬ್ಯಾಟರಿ ಬದಲಿಸಿ.

ಲೋಗೋ ಬರುತ್ತದೆ, ಆರುತ್ತದೆ, ಮತ್ತೆ ಬರುತ್ತದೆ. ಏಕೆ?

ಬೂಟ್ ಆಗುವ ಹೊತ್ತಿನಲ್ಲಿ ಟ್ಯಾಬ್ ಒಮ್ಮೆಗೇ ಹೆಚ್ಚು ಕರೆಂಟು ಎಳೆಯುತ್ತದೆ. ಖಾಲಿ ಬ್ಯಾಟರಿ ಆ ಎಳೆತಕ್ಕೆ ಕುಸಿಯುತ್ತದೆ, ಟ್ಯಾಬ್ ಆರುತ್ತದೆ. ಚಾರ್ಜರ್ ಇನ್ನೂ ಸಿಕ್ಕಿಸಿಯೇ ಇರುವುದರಿಂದ ಮತ್ತೆ ಏಳಲು ಹೋಗುತ್ತದೆ. ಹೆಚ್ಚು ಆಂಪಿಯರ್‌ನ ಅಡಾಪ್ಟರ್ ಹಾಕಿದರೆ ಅನೇಕ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಎರಡು ಗಂಟೆ ಸರಿಯಾಗಿ ಚಾರ್ಜ್ ಆಗಿ, ಪರ್ಸೆಂಟೇಜ್ ಕೂಡ ಚೆನ್ನಾಗಿ ತೋರಿಸಿ, ಆಮೇಲೂ ಲೋಗೋದಲ್ಲೇ ಸುತ್ತುತ್ತಿದ್ದರೆ ಅದು ಸಾಫ್ಟ್‌ವೇರ್ ತಕರಾರು.

ಅಡಾಪ್ಟರ್ ಕೆಟ್ಟಿದೆಯೋ ಕೇಬಲ್ ಕೆಟ್ಟಿದೆಯೋ ಹೇಗೆ ತಿಳಿಯುವುದು?

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದೇ ಅಡಾಪ್ಟರ್, ಬೇರೆ ಕೇಬಲ್. ಆಮೇಲೆ ಅದೇ ಕೇಬಲ್, ಬೇರೆ ಅಡಾಪ್ಟರ್. ಎರಡನ್ನೂ ಒಟ್ಟಿಗೆ ಬದಲಿಸಿದರೆ ಚಾರ್ಜ್ ಆಗಬಹುದು, ಆದರೆ ಕಳ್ಳ ಯಾರೆಂದು ತಿಳಿಯುವುದಿಲ್ಲ. ‘ಈ ಕೇಬಲ್‌ನಲ್ಲಿ ಫೋನ್ ಚಾರ್ಜ್ ಆಗುತ್ತದೆ’ ಎಂಬುದು ಸಾಕ್ಷಿಯಾಗದು. ಫೋನಿಗೆ 1 ಆಂಪಿಯರ್ ಸಿಕ್ಕರೂ ಹೇಗೋ ತುಂಬಿಕೊಳ್ಳುತ್ತದೆ, ಟ್ಯಾಬಿಗೆ ಸಾಲದು. ತೆಳು ತಂತಿಯ ಕೇಬಲ್‌ನಲ್ಲಿ ಹೋಗಿಬರುವ ದಾರಿಯ ಒಟ್ಟು ತಡೆ ಕಾಲು ಓಮ್ ಇದೆ ಅನ್ನಿ. 2 ಆಂಪಿಯರ್ ಹರಿಯುವಾಗ ಅಲ್ಲೇ ಅರ್ಧ ವೋಲ್ಟ್ ನಷ್ಟ. 5 ವೋಲ್ಟ್ ಹೊರಟದ್ದು 4.5 ಆಗಿ ಬಂದರೆ ಚಾರ್ಜಿಂಗ್ ಐಸಿ ತಾನಾಗಿ ಕರೆಂಟು ತಗ್ಗಿಸುತ್ತದೆ.

ನಿಖರವಾಗಿ ತಿಳಿಯಬೇಕೆಂದರೆ ಕೇಬಲ್‌ಗೂ ಟ್ಯಾಬಿಗೂ ನಡುವೆ ಸಿಕ್ಕಿಸುವ ಯುಎಸ್‌ಬಿ ಮೀಟರ್ ಸಿಗುತ್ತದೆ. ಮನೆಯಲ್ಲಿ ನಾಲ್ಕು ಗ್ಯಾಜೆಟ್ ಇರುವವರು ಒಂದು ಇಟ್ಟುಕೊಳ್ಳುವುದು ಒಳ್ಳೆಯದು. 5 ವೋಲ್ಟಿನ ಅಡಾಪ್ಟರ್ ಹಾಕಿದಾಗ ಅದು ಹೇಳುವುದನ್ನು ಹೀಗೆ ಓದಿ:

- 0 ವೋಲ್ಟ್: ಅಡಾಪ್ಟರ್ ಅಥವಾ ಕೇಬಲ್ ಹೋಗಿದೆ.
- 5 ವೋಲ್ಟ್, 0.00 ಆಂಪಿಯರ್: ಕರೆಂಟು ಬಾಗಿಲವರೆಗೆ ಬಂದಿದೆ, ಟ್ಯಾಬ್ ತೆಗೆದುಕೊಳ್ಳುತ್ತಿಲ್ಲ. ಪಿನ್, ಸ್ಟ್ರಿಪ್ (ಪಿನ್ನಿನಿಂದ ಮದರ್‌ಬೋರ್ಡಿಗೆ ಹೋಗುವ ಚಪ್ಪಟೆ ಪಟ್ಟಿ) ಅಥವಾ ಐಸಿ ನೋಡಬೇಕು.
- 5 ವೋಲ್ಟ್, 0.05ರಿಂದ 0.2 ಆಂಪಿಯರ್: ಮೇಲೆ ಹೇಳಿದ ಹನಿ ಚಾರ್ಜ್, ಅಥವಾ ಬ್ಯಾಟರಿ ಪೂರ್ತಿ ತುಂಬಿದೆ. ಬ್ಯಾಟರಿ ತುಂಬಿಲ್ಲದಿದ್ದೂ ಇಡೀ ದಿನ ಹೀಗೇ ನಿಂತಿದ್ದರೆ ಅದು ಹೋಗಿದೆ.
- 4.6 ವೋಲ್ಟಿಗಿಂತ ಕಡಿಮೆ: ಬೇರೆ ಅಡಾಪ್ಟರ್ ಹಾಕಿದರೂ ಹೀಗೇ ಇದ್ದರೆ ಕೇಬಲ್ ಎಸೆಯಿರಿ.
- 4.8ಕ್ಕಿಂತ ಮೇಲೆ, 1.5ರಿಂದ 2 ಆಂಪಿಯರ್: ಎಲ್ಲ ಸರಿ ಇದೆ. ಹೀಗಿದ್ದೂ ಪರ್ಸೆಂಟೇಜ್ ಏರದಿದ್ದರೆ ಬ್ಯಾಟರಿಯನ್ನೋ ಅದರ ಲೆಕ್ಕವಿಡುವ ಚಿಪ್ಪನ್ನೋ ಶಂಕಿಸಿ.

ಅಡಾಪ್ಟರ್ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತನ್ನೂ ‘ಆರ್’ ಅಕ್ಷರದ ಮುಂದಿನ ಎಂಟಂಕಿಯ ನೋಂದಣಿ ಸಂಖ್ಯೆಯನ್ನೂ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ. ಇನ್ನು ‘ನಮ್ಮೂರಲ್ಲಿ ವೋಲ್ಟೇಜ್ ಕಮ್ಮಿ, ಅದಕ್ಕೇ ಚಾರ್ಜ್ ಆಗಲ್ಲ’ ಎಂಬ ಮಾತು: ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಬರೆದಿರುತ್ತದೆ. ಫ್ಯಾನ್ ಅಳುತ್ತಾ ತಿರುಗುವ 150 ವೋಲ್ಟ್‌ನಲ್ಲೂ ಅದು ಕೆಲಸ ಮಾಡುತ್ತದೆ. ಸಡಿಲವಾದ ಪ್ಲಗ್ ಪಾಯಿಂಟ್ ಮಾತ್ರ ನಿಜವಾದ ಕಾರಣ ಆಗಿರಬಹುದು.

ಚಾರ್ಜ್ ಆಗುತ್ತದೆ, ಆದರೆ ರಾತ್ರಿಯಿಡೀ ಬೇಕು. ನೋಡುತ್ತಾ ಚಾರ್ಜಿಗಿಟ್ಟರೆ ಪರ್ಸೆಂಟೇಜ್ ಇಳಿಯುತ್ತದೆ.

ಲೆಕ್ಕ ಹಾಕಿದರೆ ಗುಟ್ಟು ಬಯಲಾಗುತ್ತದೆ. 8000 ಎಂಎಎಚ್, ಅಂದರೆ 8 ಆಂಪಿಯರ್-ಅವರ್ ಬ್ಯಾಟರಿಯನ್ನು 3.85 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 31 ವಾಟ್-ಅವರ್. ದಾರಿಯ ನಷ್ಟ ಸೇರಿ 36ರಷ್ಟು ಬೇಕು. ಕಂಪ್ಯೂಟರಿನ ಹಳೆಯ ಯುಎಸ್‌ಬಿ 2.0 ಸಾಕೆಟ್ ಕೊಡುವುದು 5 ವೋಲ್ಟ್, 0.5 ಆಂಪಿಯರ್, ಅಂದರೆ 2.5 ವಾಟ್. ಹದಿನಾಲ್ಕು ಗಂಟೆ ಮೀರುತ್ತದೆ. 10 ವಾಟ್ ಅಡಾಪ್ಟರ್‌ಗೆ ಮೂರೂವರೆಯಿಂದ ನಾಲ್ಕು ಗಂಟೆ. ಸ್ಕ್ರೀನ್ ಉರಿಯುತ್ತಾ ವಿಡಿಯೋ ಓಡುತ್ತಿದ್ದರೆ ಟ್ಯಾಬೇ ನಾಲ್ಕೈದು ವಾಟ್ ತಿನ್ನುತ್ತದೆ, 2.5 ವಾಟ್ ಕೊಟ್ಟು ಏರಲಿ ಎಂದರೆ ಎಲ್ಲಿಂದ ಏರೀತು? ಐಪ್ಯಾಡನ್ನು ಇಂಥ ಸಾಕೆಟ್ಟಿಗೆ ಹಾಕಿದಾಗ ‘ಚಾರ್ಜ್ ಆಗುತ್ತಿಲ್ಲ’ ಎಂದು ತೋರಿಸುವುದೂ ಇದಕ್ಕೇ, ಏನೂ ಕೆಟ್ಟಿರುವುದಿಲ್ಲ.

ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಚಾರ್ಜ್ ಆಗುವುದಿಲ್ಲ. ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲ್ ಹಾಕಿದರೆ ಆಗುತ್ತದೆ!

ಅಗ್ಗದ ಟ್ಯಾಬುಗಳಲ್ಲಿ ಇದು ಹುಟ್ಟುದೋಷ. ಟೈಪ್-ಸಿ ಚಾರ್ಜರ್ ಎದುರಿಗೆ ಯಾರಿದ್ದಾರೆಂದು ತಿಳಿಯದೆ ಕರೆಂಟು ಬಿಡುವುದಿಲ್ಲ. ಟ್ಯಾಬಿನ ಪಿನ್ ಹತ್ತಿರ 5.1 ಕಿಲೋಓಮ್‌ನ ಎರಡು ಸಾಸಿವೆ ಗಾತ್ರದ ರೆಸಿಸ್ಟರ್ ಇದ್ದರೆ ಮಾತ್ರ ಗುರುತು ಹಿಡಿಯುತ್ತದೆ. ಕೆಲವು ತಯಾರಕರು ಆ ಎರಡನ್ನು ಹಾಕದೆ ಪೈಸೆ ಉಳಿಸುತ್ತಾರೆ. ಹಳೆಯ ಚಪ್ಪಟೆ ಸಾಕೆಟ್‌ನಲ್ಲಿ 5 ವೋಲ್ಟ್ ಯಾವಾಗಲೂ ಇರುವುದರಿಂದ ಆ ಕೇಬಲ್‌ಗೆ ಇದರ ಗೊಡವೆ ಇಲ್ಲ. ಹಳೆಯ ಕೇಬಲನ್ನೇ ಬಳಸುತ್ತಿರಿ, ರಿಪೇರಿ ಬೇಡ.

ಆದರೆ ಮೊದಲು ಸರಿ ಇದ್ದದ್ದು ಈಗ ಹೀಗಾಗಿದ್ದರೆ, ಅಥವಾ ಪ್ಲಗ್ ಅನ್ನು ಮೇಲೆ-ಕೆಳಗೆ ತಿರುಗಿಸಿ ಹಾಕಿದಾಗ ಮಾತ್ರ ಚಾರ್ಜ್ ಆದರೆ, ಪಿನ್‌ನಲ್ಲಿ ಕೊಳೆ ಅಥವಾ ಸವೆತವಿದೆ. ಐಪ್ಯಾಡಿನ ಲೈಟ್ನಿಂಗ್ ಕೇಬಲ್‌ನಲ್ಲೂ ಇದೇ ಲಕ್ಷಣ: ಚಿನ್ನದ ಬಣ್ಣದ ಎಂಟು ಪಟ್ಟಿಗಳಲ್ಲಿ ಒಂದು ಕಪ್ಪಾಗಿ ಸುಟ್ಟಿರುತ್ತದೆ.

ಇನ್ನೊಂದು ತಮಾಷೆ: ಸಿ-ಇಂದ-ಸಿ ಕೇಬಲ್‌ನಲ್ಲಿ ಪವರ್ ಬ್ಯಾಂಕ್ ಸಿಕ್ಕಿಸಿದಾಗ ಕೆಲವೊಮ್ಮೆ ಟ್ಯಾಬೇ ಪವರ್ ಬ್ಯಾಂಕನ್ನು ಚಾರ್ಜ್ ಮಾಡತೊಡಗುತ್ತದೆ. ಯಾರು ಕೊಡುವವರು, ಯಾರು ತೆಗೆದುಕೊಳ್ಳುವವರು ಎಂಬುದು ತಿರುವುಮುರುವಾಗಿರುತ್ತದೆ. ತೆಗೆದು ಮತ್ತೆ ಹಾಕಿ, ಇಲ್ಲವೇ ಪವರ್ ಬ್ಯಾಂಕಿನ ಬಟನ್ ಒತ್ತಿ.

ಚಾರ್ಜಿಂಗ್ ಪಿನ್ ಸ್ವಚ್ಛ ಮಾಡುವುದು ಹೇಗೆ?

ಹೊಸ ಬ್ಯಾಟರಿಗೆ ದುಡ್ಡು ತೆತ್ತವರಲ್ಲಿ ಎಷ್ಟೋ ಜನಕ್ಕೆ ಬೇಕಾಗಿದ್ದದ್ದು ಐದು ನಿಮಿಷದ ಈ ಕೆಲಸ. ಚೀಲದ ನೂಲು, ಹಾಸಿಗೆಯ ಹತ್ತಿ, ಬಿಸ್ಕತ್ತಿನ ಪುಡಿ ಸಾಕೆಟ್ಟಿನ ತಳ ಸೇರುತ್ತವೆ. ಪ್ಲಗ್ ಹಾಕಿದಾಗಲೆಲ್ಲ ಒಳಕ್ಕೆ ಒತ್ತಿಸಿಕೊಂಡು ಕೊನೆಗೆ ಕಂಬಳಿಯ ತುಂಡಿನಂತೆ ಗಟ್ಟಿಯಾಗುತ್ತವೆ. ಲಕ್ಷಣ: ಪ್ಲಗ್ ‘ಟಕ್’ ಎನ್ನದೆ ಮೆತ್ತಗೆ ನಿಲ್ಲುತ್ತದೆ, ಲೋಹದ ಭಾಗ ಒಂದು ಮಿಲಿಮೀಟರಿನಷ್ಟು ಹೊರಗೇ ಉಳಿಯುತ್ತದೆ, ಕೈ ತಾಗಿದರೆ ಕಳಚಿಬೀಳುತ್ತದೆ.

ಟ್ಯಾಬ್ ಪೂರ್ತಿ ಆಫ್ ಮಾಡಿ. ಫೋನಿನ ಟಾರ್ಚ್ ಬಿಟ್ಟು ಒಳಗೆ ನೋಡಿ. ಟೈಪ್-ಸಿ ಸಾಕೆಟ್ಟಿನ ನಡುವೆ ತೆಳು ನಾಲಗೆ ಇದೆ, ಪಿನ್ನುಗಳಿರುವುದು ಅದರ ಮೇಲೆ. ಕೊಳೆ ಇರುವುದು ನಾಲಗೆಯ ಸುತ್ತ, ತಳದಲ್ಲಿ. ಮರದ ಟೂತ್‌ಪಿಕ್ಕಿನ ತುದಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಹೆರೆದು, ಸಾಕೆಟ್ಟಿನ ಗೋಡೆಗೆ ಆತುಕೊಂಡಂತೆ ಇಳಿಸಿ, ತಳದಿಂದ ಹೊರಕ್ಕೆ ಗೋರಿ. ಟ್ಯಾಬ್ ತಲೆಕೆಳಗಾಗಿರಲಿ, ಸಡಿಲಾದದ್ದು ತಾನೇ ಉದುರುತ್ತದೆ. ಗುಂಡುಸೂಜಿ, ಸೇಫ್ಟಿ ಪಿನ್, ಸಿಮ್ ತೆಗೆಯುವ ಕಡ್ಡಿ ಬೇಡವೇ ಬೇಡ: ನಾಲಗೆಯ ಮೇಲಿನ ಪಟ್ಟಿಗಳು ಕಿತ್ತುಬರುತ್ತವೆ. ಬಾಯಿಂದ ಊದಿದರೆ ಎಂಜಲ ಹನಿ ಒಳಹೋಗುತ್ತದೆ. ಪಟ್ಟಿಗಳ ಮೇಲೆ ಹಸಿರು ಅಥವಾ ಕಪ್ಪು ಕಲೆ ಇದ್ದರೆ ಮೆತ್ತನೆಯ ಬ್ರಷ್ಷನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಝಾಡಿಸಿ, ಉಜ್ಜಿ. ಕಾಲು ಗಂಟೆ ಆರಲು ಬಿಡಿ. ಕರಾವಳಿಯ ಉಪ್ಪು ಗಾಳಿಯಲ್ಲಿ ಈ ಹಸಿರು ಬೇಗ ಕಾಣಿಸಿಕೊಳ್ಳುತ್ತದೆ. ಡಬ್ಲ್ಯುಡಿ-40ಯಂಥ ಎಣ್ಣೆ ಸಿಂಪಡಿಸಬೇಡಿ, ಅದಕ್ಕೆ ಇನ್ನಷ್ಟು ಧೂಳು ಅಂಟುತ್ತದೆ.

ವೈರನ್ನು ಒಂದು ಕೋನದಲ್ಲಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ.

ಕೊಳೆ ಇಲ್ಲವೆಂದರೆ ಪಿನ್ ಸಡಿಲಾಗಿದೆ. ಮೈಕ್ರೋ ಯುಎಸ್‌ಬಿ ಆದರೆ ಮೊದಲು ಕೇಬಲ್ ನೋಡಿ: ತುದಿಯಲ್ಲಿ ಎರಡು ಪುಟ್ಟ ಕೊಕ್ಕೆಗಳಿರುತ್ತವೆ, ಸಾಕೆಟ್ಟನ್ನು ಕಚ್ಚಿ ಹಿಡಿಯುವುದು ಅವೇ. ಸವೆದಿದ್ದರೆ ಕೇಬಲ್ ಬದಲಿಸಿದರೆ ಸಾಕು. ಹೊಸ ಕೇಬಲ್ ಕೂಡ ಅಲ್ಲಾಡಿದರೆ ಸಾಕೆಟ್ಟಿನ ಬೆಸುಗೆ ಬಿಟ್ಟಿದೆ. ಕೇಬಲ್ ಮಡಿಸಿಟ್ಟು ಬಳಸುವುದು, ರಬ್ಬರ್ ಬ್ಯಾಂಡ್ ಕಟ್ಟುವುದು ನಾಲ್ಕು ದಿನದ ಉಪಾಯ. ಬೆಸುಗೆ ಬಿಟ್ಟ ಜಾಗ ಕಾಯುತ್ತದೆ, ಆಮೇಲೆ ಬೋರ್ಡಿನ ತಾಮ್ರದ ಗೆರೆಯನ್ನೇ ಕಿತ್ತುಕೊಂಡು ಬರುತ್ತದೆ. ನೂರರ ಕೆಲಸ ಸಾವಿರಕ್ಕೆ ಹೋಗುತ್ತದೆ. ಹಲವು ಟ್ಯಾಬುಗಳಲ್ಲಿ ಪಿನ್ ಇರುವುದು ಬೇರೆಯೇ ಆದ ಸಣ್ಣ ಬೋರ್ಡಿನ ಮೇಲೆ. ಅಂಗಡಿಯವರು ಅದನ್ನು ಸಿಸಿ ಬೋರ್ಡ್ ಅನ್ನುತ್ತಾರೆ. ಬೆಸುಗೆ ಇಲ್ಲದೆ ಪೂರ್ತಿ ಬೋರ್ಡನ್ನೇ ಬದಲಿಸಬಹುದು. ‘ಸಿಸಿ ಬೋರ್ಡ್ ಬೇರೆ ಸಿಗುತ್ತದೆಯೇ, ಮದರ್‌ಬೋರ್ಡಿಗೇ ಬೆಸೆದಿದೆಯೇ’ ಎಂದು ಕೇಳಿಯೇ ರೇಟು ಮಾತಾಡಿ.

ನೀರಿನ ಹನಿಯ ಚಿತ್ರ ಬರುತ್ತಿದೆ. ಟ್ಯಾಬ್ ಒದ್ದೆಯಾಗಿಲ್ಲ!

ಸೆಕೆಯ ತೇವ, ಉಪ್ಪು, ಬೆವರ ಕೈ, ಇಷ್ಟು ಸಾಕು. ಪಿನ್ನುಗಳ ನಡುವೆ ಸಣ್ಣ ಸೋರಿಕೆ ಕಂಡ ಕೂಡಲೇ ಟ್ಯಾಬ್ ಚಾರ್ಜಿಂಗ್ ನಿಲ್ಲಿಸುತ್ತದೆ. ಸಾಕೆಟ್ ಕೆಳಮುಖವಾಗಿಟ್ಟು ಫ್ಯಾನ್ ಗಾಳಿಗೆ ಅರ್ಧ ದಿನ ಬಿಡಿ. ನಿಜಕ್ಕೂ ನೀರು ಬಿದ್ದಿದ್ದರೆ ಆಫ್ ಮಾಡಿ ಎರಡು ದಿನ. ಒದ್ದೆ ಇರುವಾಗ ಹಠ ಹಿಡಿದು ಚಾರ್ಜ್ ಮಾಡಿದರೆ 5 ವೋಲ್ಟಿನ ಪಿನ್ ಕಣ್ಣೆದುರೇ ಕೊರೆದುಹೋಗುತ್ತದೆ, ಗಿಲೀಟು ಬಿಟ್ಟ ಪಾತ್ರೆಯಂತೆ. ಅಕ್ಕಿ ಡಬ್ಬದಲ್ಲಿ ಹೂಳುವುದರಿಂದ ಲಾಭವಿಲ್ಲ. ತೌಡಿನ ಪುಡಿ ಸಾಕೆಟ್ಟಿಗೆ ಸೇರುವುದಷ್ಟೇ ಬಂತು. ಹೇರ್ ಡ್ರೈಯರ್ ಕೂಡ ಬೇಡ.

80ಕ್ಕೋ 85ಕ್ಕೋ ಬಂದು ನಿಲ್ಲುತ್ತದೆ.

ಕೆಟ್ಟಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಅಥವಾ 80% ಮಿತಿ ಆನ್ ಆಗಿದೆ. ಸರ್ಫೇಸ್‌ನಲ್ಲಿ 50%ಕ್ಕೆ ನಿಲ್ಲಿಸುವ ಆಯ್ಕೆಯೂ ಇದೆ. ಆಫೀಸಿನಲ್ಲಿ ಬಳಸಿದ ಸೆಕೆಂಡ್ ಹ್ಯಾಂಡ್ ಸರ್ಫೇಸ್ ಕೊಂಡವರು ಇದನ್ನು ಕಂಡು ಗಾಬರಿಯಾಗುವುದುಂಟು.

ಬೇಸಿಗೆಯಲ್ಲಿ ಮಾತ್ರ ಚಾರ್ಜ್ ಆಗುವುದಿಲ್ಲ.

ಲಿಥಿಯಂ ಸೆಲ್ 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ಯಾಬ್ ಚಾರ್ಜಿಂಗ್ ತಡೆಹಿಡಿಯುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್–ಮೇ ಮಧ್ಯಾಹ್ನದಲ್ಲಿ ಹೊರಗೇ 40 ದಾಟಿರುವಾಗ, ದಪ್ಪ ಕವರಿನೊಳಗಿರುವ ಸೆಲ್ ಆ ಮಿತಿ ಮುಟ್ಟಲು ಹೆಚ್ಚು ಹೊತ್ತು ಬೇಡ. ಕವರ್ ತೆಗೆದು, ದಿಂಬಿನ ಮೇಲಿಂದ ಎತ್ತಿ ಕಲ್ಲಿನ ನೆಲದ ಮೇಲಿಡಿ. ಫಾಸ್ಟ್ ಚಾರ್ಜಿಂಗ್ ಆಫ್ ಮಾಡಿ, ಬೆಳಗಿನ ಜಾವ ಚಾರ್ಜಿಗೆ ಹಾಕಿ. ಫ್ರಿಜ್ಜಿನಲ್ಲಿಟ್ಟರೆ ಒಳಗೆ ಹನಿ ಕಟ್ಟುತ್ತದೆ.

ಚಾರ್ಜಿಗಿಟ್ಟಾಗ ಟಚ್ ಹುಚ್ಚುಚ್ಚಾಗಿ ಆಡುತ್ತದೆ, ಲೋಹದ ಬೆನ್ನು ಮುಟ್ಟಿದರೆ ಜುಮ್ಮೆನ್ನುತ್ತದೆ.

ಎರಡು ಪಿನ್ನಿನ ಅಡಾಪ್ಟರ್‌ಗೆ ಅರ್ತಿಂಗ್ ಇಲ್ಲ. ಅದರೊಳಗಿನ ಫಿಲ್ಟರ್ ಕೆಪಾಸಿಟರ್ ಮೂಲಕ ಚೂರು ಕರೆಂಟು ಸೋರುತ್ತದೆ. ಒಳ್ಳೆಯ ಅಡಾಪ್ಟರ್‌ನಲ್ಲಿ ಅದು ತಿಳಿಯದಷ್ಟು ಸಣ್ಣದು, ಕಳಪೆಯದರಲ್ಲಿ ಜುಮ್ಮೆನ್ನುವಷ್ಟು. ಕರೆಂಟು ಹೋದಾಗ ಮಾತ್ರ ಹೀಗಾದರೆ ಮನೆಯ ಯುಪಿಎಸ್ ಸೈನ್ ವೇವ್ ಅಲ್ಲದ ಹಳೆಯ ಮಾದರಿಯದು. ಬೇರೆ ಅಡಾಪ್ಟರ್ ಹಾಕಿಯೂ ಜುಮ್ಮೆಂದರೆ ಪ್ಲಗ್ ಪಾಯಿಂಟನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಚಾರ್ಜರ್ ಹಾಕಿದರೆ ಓಡುತ್ತದೆ, ಕಿತ್ತ ಕೂಡಲೇ ಆಫ್. ಅಥವಾ 30% ಇದ್ದಾಗಲೇ ಆಫ್.

ಈಗ ಬ್ಯಾಟರಿಯ ಸರದಿ. ಸೆಲ್ ಹಳತಾದಂತೆ ಎರಡು ಬದಲಾವಣೆ ಆಗುತ್ತವೆ: ಹಿಡಿಯುವ ಅಳತೆ ಕುಗ್ಗುತ್ತದೆ, ಒಳಗಿನ ತಡೆ ಹೆಚ್ಚುತ್ತದೆ. ಎರಡನೆಯದೇ ಈ ಕಾಟಕ್ಕೆ ಕಾರಣ. ಸುಮ್ಮನಿದ್ದಾಗ 3.7 ವೋಲ್ಟ್ ತೋರಿಸುವ ಸೆಲ್, ಕ್ಯಾಮೆರಾ ತೆರೆದ ಕ್ಷಣ 3.2ಕ್ಕೆ ಕುಸಿಯುತ್ತದೆ; ಟ್ಯಾಬ್ ಖಾಲಿಯೆಂದು ತಿಳಿದು ಆರಿಹೋಗುತ್ತದೆ. ಮತ್ತೆ ಚಾರ್ಜರ್ ಹಾಕಿದರೆ ಅದೇ 30% ಕಾಣುತ್ತದೆ. ಕಿತ್ತ ಮರುಕ್ಷಣವೇ ಆಫ್ ಆದರೆ ಬ್ಯಾಟರಿ ಕನೆಕ್ಟರ್ ಸಡಿಲಾಗಿರುವುದೂ ಉಂಟು, ಮುಖ್ಯವಾಗಿ ಟ್ಯಾಬ್ ಕೆಳಗೆ ಬಿದ್ದ ಮೇಲೆ ಶುರುವಾಗಿದ್ದರೆ.

ಪರ್ಸೆಂಟೇಜ್ ಸುಳ್ಳು ಹೇಳುತ್ತಿದೆ ಅಷ್ಟೇ ಎಂಬ ಅನುಮಾನವಿದ್ದರೆ ಒಮ್ಮೆ 100% ತುಂಬಿಸಿ, ಆಮೇಲೂ ಒಂದು ಗಂಟೆ ಚಾರ್ಜಿನಲ್ಲೇ ಬಿಟ್ಟು, ತಾನಾಗಿ ಆಫ್ ಆಗುವವರೆಗೆ ಬಳಸಿ, ಮತ್ತೆ ತಡೆಯಿಲ್ಲದೆ 100% ಮಾಡಿ. ಲೆಕ್ಕದ ಚಿಪ್ ಸರಿಹೋಗುತ್ತದೆ. ಇದರಿಂದ ಬ್ಯಾಟರಿಗೆ ಹೊಸ ಜೀವ ಬರುವುದಿಲ್ಲ, ಪ್ರತಿ ತಿಂಗಳು ಮಾಡಬೇಕಾಗಿಯೂ ಇಲ್ಲ.

ಬ್ಯಾಟರಿ ಎಷ್ಟು ಸವೆದಿದೆ ಎಂದು ನೋಡುವುದು ಎಲ್ಲಿ?

2024ರ ಐಪ್ಯಾಡ್ ಪ್ರೊ, ಏರ್ ಮತ್ತು ಅದರ ನಂತರದವುಗಳ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲೇ ಇದೆ. ಹಳೆಯ ಐಪ್ಯಾಡಾದರೆ ಕಂಪ್ಯೂಟರಿಗೆ ಜೋಡಿಸಿ ಕೋಕನಟ್‌ಬ್ಯಾಟರಿ, ಐಮೇಜಿಂಗ್‌ನಂಥ ತಂತ್ರಾಂಶದಲ್ಲಿ ನೋಡಬೇಕು. ಸ್ಯಾಮ್‌ಸಂಗ್‌ನಲ್ಲಿ ಮೆಂಬರ್ಸ್ ಆ್ಯಪ್ ಒಳಗೆ ಬ್ಯಾಟರಿ ಪರೀಕ್ಷೆ ಇದೆ. ಬೇರೆ ಆಂಡ್ರಾಯ್ಡ್‌ಗೆ ಆಕ್ಯುಬ್ಯಾಟರಿ ಆ್ಯಪ್, ಅದು ನಾಲ್ಕೈದು ಸಲ ಚಾರ್ಜ್ ಮಾಡಿದ ಮೇಲಷ್ಟೇ ನಂಬುವಂಥ ಅಂದಾಜು ಕೊಡುತ್ತದೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್‌ನಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಎರಡನ್ನು ಹೋಲಿಸಿ. ಮೂಲದ 80% ಕೆಳಗಿಳಿದರೆ ಸವೆದಿದೆ, 60% ಕೆಳಗಾದರೆ ಬದಲಿಸುವ ಕಾಲ.

ಹಳೆಯ ಟ್ಯಾಬ್, ದುಂಡು ಪಿನ್ನಿನ ಚಾರ್ಜರ್ ಕಳೆದುಹೋಗಿದೆ. ಯಾವುದಾದರೂ ಹಾಕಬಹುದೇ?

ಪಿನ್ ಹೊಂದಿತೆಂದು ಹಾಕಬೇಡಿ. 2.5 ಮಿ.ಮೀ. ದುಂಡು ಪಿನ್ನಿನಲ್ಲಿ 5, 9, 12 ವೋಲ್ಟಿನ ಅಡಾಪ್ಟರುಗಳೆಲ್ಲ ಬರುತ್ತವೆ. 5 ವೋಲ್ಟ್ ಟ್ಯಾಬಿಗೆ ವೈಫೈ ರೂಟರಿನ 12 ವೋಲ್ಟ್ ಕೊಟ್ಟರೆ ಚಾರ್ಜಿಂಗ್ ಐಸಿ ಆ ಕ್ಷಣವೇ ಸುಡುತ್ತದೆ. ಬೆನ್ನಿನ ಮೇಲಿನ ಅಕ್ಷರ ನೋಡಿ, ವೋಲ್ಟ್ ಸರಿಸಮ ಇರಲಿ, ಆಂಪಿಯರ್ ಹೆಚ್ಚಿದ್ದರೆ ಅಡ್ಡಿಯಿಲ್ಲ.

ಹೊಸ ಬ್ಯಾಟರಿ ಆರಿಸುವಾಗ ಎಂಎಎಚ್ ಒಂದನ್ನೇ ನೋಡಿದರೆ ಸಾಕೇ?

ಸಾಲದು, ಅದು ಕೊನೆಗೆ ನೋಡುವ ಸಂಖ್ಯೆ. ಮೊದಲು ಹಳೆಯ ಬ್ಯಾಟರಿಯ ಮೇಲಿನ ಮಾಡೆಲ್ ನಂಬರ್. ಆಮೇಲೆ ವೋಲ್ಟ್: 3.7 ಎಂದಿದ್ದರೆ ತುಂಬುವುದು 4.2ಕ್ಕೆ, 3.8 ಎಂದಿದ್ದರೆ 4.35ಕ್ಕೆ, 3.85 ಎಂದಿದ್ದರೆ ಸಾಮಾನ್ಯವಾಗಿ 4.4ಕ್ಕೆ. 4.35ಕ್ಕೆ ತುಂಬಿಸುವ ಟ್ಯಾಬಿಗೆ 3.7 ವೋಲ್ಟಿನ ಬ್ಯಾಟರಿ ಹಾಕಿದರೆ ಪ್ರತಿ ರಾತ್ರಿ ಅದಕ್ಕೆ ಮಿತಿಮೀರಿ ತುಂಬಿಸಿದಂತೆ. ಊದುವುದು ಹೀಗೇ.

ಮಾಡೆಲ್ ನಂಬರ್ ಇಲ್ಲದ ಅಗ್ಗದ ಟ್ಯಾಬಿನಲ್ಲಿ 357095ರಂಥ ಆರಂಕಿ ಇರುತ್ತದೆ. ಅದು ಅಳತೆ: ದಪ್ಪ 3.5, ಅಗಲ 70, ಉದ್ದ 95 ಮಿಲಿಮೀಟರ್. ಉದ್ದ-ಅಗಲ ತುಸು ಕಡಿಮೆ ಇದ್ದರೂ ನಡೆಯುತ್ತದೆ, ದಪ್ಪ ಹೆಚ್ಚಾಗಕೂಡದು, ಸ್ಕ್ರೀನಿಗೆ ಒತ್ತುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಇಂಥ ಬಿಡಿ ಸೆಲ್ ಸಿಗಬಹುದು, ಹಳೆಯದನ್ನು ಜೊತೆಗೇ ಒಯ್ಯಿರಿ.

ಹೊಸ ಬ್ಯಾಟರಿ ಹಾಕಿದೆವು, ಟ್ಯಾಬ್ ಆನ್ ಆಗುತ್ತದೆ, ಆದರೆ ಚಾರ್ಜ್ ಏರುವುದಿಲ್ಲ.

ವೈರುಗಳನ್ನು ಎಣಿಸಿ. ಹಳೆಯದಕ್ಕೆ ಕೆಂಪು, ಕಪ್ಪು ಅಲ್ಲದೆ ಮೂರನೆಯದೊಂದು ಇದ್ದು, ಹೊಸದಕ್ಕೆ ಎರಡೇ ಇದ್ದರೆ ಕಾರಣ ಸಿಕ್ಕಿತು. ಮೂರನೆಯದು ಸೆಲ್ಲಿನ ಉಷ್ಣತೆ ಹೇಳುವ ಥರ್ಮಿಸ್ಟರ್‌ನದು. ಬಹುತೇಕ 25 ಡಿಗ್ರಿಯಲ್ಲಿ 10 ಕಿಲೋಓಮ್ ಇರುತ್ತದೆ. ಅದು ಇಲ್ಲದಿದ್ದರೆ ಬ್ಯಾಟರಿ ಹಿಮದಲ್ಲಿದೆ ಎಂದು ಟ್ಯಾಬ್ ಭಾವಿಸಿ ಚಾರ್ಜಿಂಗ್ ನಿರಾಕರಿಸುತ್ತದೆ. ಕೆಲವರು ಆ ಜಾಗಕ್ಕೆ 10 ಕಿಲೋಓಮ್ ರೆಸಿಸ್ಟರ್ ಬೆಸೆದು ಕಳಿಸುತ್ತಾರೆ. ಚಾರ್ಜ್ ಏನೋ ಆಗುತ್ತದೆ, ಆದರೆ ಸೆಲ್ ಎಷ್ಟೇ ಕಾದರೂ ಟ್ಯಾಬಿಗೆ 25 ಡಿಗ್ರಿ ಎಂದೇ ವರದಿ. ಹಳೆಯ ಬ್ಯಾಟರಿಯ ರಕ್ಷಣಾ ಪಟ್ಟಿಯನ್ನೋ ಅಸಲಿ ಥರ್ಮಿಸ್ಟರನ್ನೋ ಹಾಕಿಸಿ.

ವೈರು ಸರಿ ಇದ್ದೂ ಮೀಟರ್‌ನಲ್ಲಿ 0.00 ಆಂಪಿಯರ್ ಎಂದರೆ ತೊಂದರೆ ಮೊದಲಿಂದಲೂ ಬ್ಯಾಟರಿಯದ್ದಲ್ಲ. ಸಿಸಿ ಬೋರ್ಡಿನಿಂದ ಮದರ್‌ಬೋರ್ಡಿಗೆ ಹೋಗುವ ಸ್ಟ್ರಿಪ್, ಇಲ್ಲವೇ ಚಾರ್ಜಿಂಗ್ ಐಸಿ. ಅಂಗಡಿಯವರು ‘ಐಸಿ ಹೋಗಿದೆ’ ಎಂದರೆ ಕೇಳಬೇಕಾದ್ದು ಒಂದೇ: ಮದರ್‌ಬೋರ್ಡ್ ಕಡೆಯ ಸ್ಟ್ರಿಪ್ ಕನೆಕ್ಟರ್‌ನಲ್ಲಿ 5 ವೋಲ್ಟ್ ಬರುತ್ತಿದೆಯೇ? ಅಲ್ಲಿಯವರೆಗೆ ಬಂದು ಬ್ಯಾಟರಿ ಕಡೆ ಬರದಿದ್ದರೆ ಅವರ ಮಾತು ನಿಜ.

ತೆಗೆದ ಬ್ಯಾಟರಿಯನ್ನು ಏನು ಮಾಡುವುದು?

ವೈರಿನ ತುದಿಗಳಿಗೆ ಬೇರೆ ಬೇರೆಯಾಗಿ ಇನ್ಸುಲೇಶನ್ ಟೇಪ್ ಸುತ್ತಿ. ಕಸದ ಗಾಡಿಗೆ ಹಾಕಿದರೆ ಅಲ್ಲಿ ಒತ್ತಿ ಜಜ್ಜಿದಾಗ ಬೆಂಕಿ ಹತ್ತುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ಪಡೆದು ವಿಲೇವಾರಿ ಮಾಡುವ ಹೊಣೆ ಉತ್ಪಾದಕರದ್ದು. ಕಂಪನಿಯ ಸರ್ವೀಸ್ ಸೆಂಟರಿಗೆ, ಇಲ್ಲವೇ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನ್ಯತೆ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ.

ಬ್ಯಾಟರಿ ತೆಗೆದುಹಾಕಿ, ಟ್ಯಾಬನ್ನು ಗೋಡೆಗೆ ಹಾಕಿ, ಸದಾ ಚಾರ್ಜರ್‌ನಲ್ಲೇ ಓಡಿಸಬಹುದೇ?

ಬಿಲ್ಲಿಂಗ್ ಕೌಂಟರಿಗೆ, ಬಾಗಿಲ ಕ್ಯಾಮೆರಾ ನೋಡಲು ಎಂದು ಅನೇಕರು ಕೇಳುತ್ತಾರೆ. ಬಹುತೇಕ ಟ್ಯಾಬುಗಳು ಬ್ಯಾಟರಿ ಇಲ್ಲದೆ ಏಳುವುದಿಲ್ಲ. ಚಾರ್ಜರ್ ಪೂರೈಸಲಾಗದ ಕ್ಷಣದ ಎಳೆತವನ್ನು ಬ್ಯಾಟರಿಯೇ ತುಂಬಿಕೊಡಬೇಕು. ಬ್ಯಾಟರಿಯ ಜಾಗಕ್ಕೆ ಅಡಾಪ್ಟರಿನ 5 ವೋಲ್ಟನ್ನು ನೇರ ಬೆಸೆದರೆ 4.4 ವೋಲ್ಟ್ ಮೀರದ ಸರ್ಕ್ಯೂಟ್ ಸುಡುತ್ತದೆ. ಮಾಡಲೇಬೇಕೆಂದರೆ 4 ವೋಲ್ಟಿಗೆ ಹೊಂದಿಸಿದ, 3 ಆಂಪಿಯರ್ ತಾಳುವ ಬಕ್ ಕನ್ವರ್ಟರ್ (ವೋಲ್ಟ್ ತಗ್ಗಿಸುವ ಸರ್ಕ್ಯೂಟ್) ಬೇಕು, ಥರ್ಮಿಸ್ಟರ್ ಜಾಗಕ್ಕೆ ರೆಸಿಸ್ಟರ್ ಬೇಕು, ಚಾರ್ಜಿಂಗ್ ಸಾಕೆಟ್ಟಿಗೆ ಏನನ್ನೂ ಸಿಕ್ಕಿಸಕೂಡದು. ಬೆಸುಗೆ ಕಬ್ಬಿಣ ಹಿಡಿದು ಅಭ್ಯಾಸವಿಲ್ಲದವರು ಒಳ್ಳೆಯ ಬ್ಯಾಟರಿಯನ್ನೇ ಒಳಗಿಟ್ಟು, ಅಡಾಪ್ಟರನ್ನು ಟೈಮರ್ ಪ್ಲಗ್ಗಿಗೆ ಸಿಕ್ಕಿಸಿ, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಆನ್ ಆಗುವಂತೆ ಹೊಂದಿಸಲಿ. ಮಟ್ಟ 30ರಿಂದ 80%ರ ನಡುವೆ ನಿಲ್ಲುವವರೆಗೆ ಆ ಗಂಟೆಗಳನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.